ಹೂಲಿ ಕ್ರಾಸಿನ ಬೆಲ್ಲು

ರಾಮದುರ್ಗ
11 ನವೆಂಬರ್ 2024

ಗಂಗಯ್ಯನವರಿಗೆ ಮೆಹಬೂಬಸಾಬನ ಸಲಾಮು.

ಅಕ್ಷರ ಇಷ್ಟು ದೊಡ್ಡದೇಕೆ ಎಂದು ನಗಬೇಡಿ. ಇದಕ್ಕಿಂತ ಸಣ್ಣದಾಗಿ ಬರೆದರೆ ನನಗೇ ಕಾಣುವುದಿಲ್ಲ. ನಿಮ್ಮ ವಿಳಾಸವನ್ನು ಬಾಳೇಶ ಕೊಟ್ಟ, ನಮ್ಮ ಡಿಪೋದಲ್ಲಿ ಮೆಕ್ಯಾನಿಕ್ ಇದ್ದನಲ್ಲ, ಅವನೇ. ಫೋನ್ ನಂಬರನ್ನೂ ಕೊಟ್ಟ. ನಾನು ಹಚ್ಚಲಿಲ್ಲ. ಫೋನಿನಲ್ಲಾದರೆ ನೀವು ಮಾತಾಡುತ್ತೀರಿ, ನಾನು ಹೂಂಗುಟ್ಟುತ್ತೇನೆ. ಒಂದೇ ಬಸ್ಸಿನಲ್ಲಿ ನೀವು ಕಂಡಕ್ಟರ್, ನಾನು ಡ್ರೈವರ್ ಆಗಿ ಹನ್ನೊಂದು ವರ್ಷ ಹಾಗೇ ಕಳೆದೆವು. ಪತ್ರದಲ್ಲಿ ನನ್ನ ಸರದಿಯೂ ಬರುತ್ತದೆ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಎಡಗಣ್ಣು ಆಗಲೇ ಹೋಯಿತು. ಬಲಗಣ್ಣು ನೋಡಿ ಹುಬ್ಬಳ್ಳಿಯ ಡಾಕ್ಟರರು, "ಯುಗಾದಿ ತನಕಾ ನಡದ್ರ ನಿಮ್ಮ ಪುಣ್ಯಾ" ಎಂದರು. ಮನೆಗೆ ಬಂದು ಎರಡು ದಿನ ಗೋಡೆ ನೋಡುತ್ತ ಕುಳಿತೆ. ಮೂರನೆಯ ದಿನ ಎದ್ದು ಸ್ಟ್ಯಾಂಡಿಗೆ ಹೋಗಿ ಸವದತ್ತಿ ಬಸ್ ಹತ್ತಿದೆ. ಸವದತ್ತಿಯಲ್ಲಿ ನನಗೆ ಕೆಲಸವೇನೂ ಇರಲಿಲ್ಲ.

ಆ ದಾರಿಯಲ್ಲಿ ನಾನು ಇಪ್ಪತ್ತೊಂದು ವರ್ಷ ಬಸ್ ಓಡಿಸಿದೆ. ನೋಡಿದ್ದು ಗುಂಡಿ, ಎಮ್ಮೆ, ಎದುರಿನ ಲಾರಿ. ಕಿಡಕಿಯ ಪಕ್ಕ ಕುಳಿತದ್ದು ಅವತ್ತೇ ಮೊದಲು. ಒಂದು ತಿರುವು ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು ನನ್ನ ಕಾಲು ನೋಡಿ, "ಕಾಕಾ, ಕಾಲಾಗ ಏನರ ಹೊಕ್ಕೇತೇನ್ರಿ?" ಎಂದಳು.

"ಇಲ್ಲವ್ವಾ, ಬ್ರೇಕ್ ಹಾಕಾಕತ್ತೇನಿ."

"ಅಯ್ಯ, ನೀವು ಹಾಕಿದ್ರ ನಿಂದರ್ತೈತೇನ್ರಿ ಬಸ್ಸು?"

ಇಬ್ಬರೂ ನಕ್ಕೆವು. ಅದಾದ ಮೇಲೆ ನಾನು ಕಾಲು ಮಡಚಿಕೊಂಡು ಹೊರಗೆ ನೋಡಿದೆ. ಒಂದು ಬಾವಿ ಕಂಡಿತು, ಮೆಟ್ಟಿಲಿನ ಬಾವಿ, ಒಳಗೆ ಅತ್ತಿಯ ಗಿಡ. ಇಪ್ಪತ್ತೊಂದು ವರ್ಷ ಆ ಬಾವಿ ಅಲ್ಲೇ ಇತ್ತಂತೆ. ಅದನ್ನು ಕಂಡ ಆ ಗಳಿಗೆಯಲ್ಲಿ ನನಗೆ ಯುಗಾದಿ ನೆನಪಾಗಲಿಲ್ಲ, ಡಾಕ್ಟರು ನೆನಪಾಗಲಿಲ್ಲ. ಇಷ್ಟಾದರೂ ಉಳಿಸಿದನಲ್ಲ ಎಂದು ದೇವರಿಗೆ ಶುಕ್ರ್ ಹೇಳಿದೆ. ಈಗ ಪ್ರತಿ ಸೋಮವಾರ ಹೋಗುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ವಿಚಾರಣೆಯ ಕೋಣೆಯಿಂದ ಹೊರಬಿದ್ದ ಮೇಲೆ ನಾವು ಮಾತಾಡಿಲ್ಲ. ಅದನ್ನು ಜಗಳ ಅನ್ನಲೂ ಬರುವುದಿಲ್ಲ, ಜಗಳವಾಗಿದ್ದರೆ ಮಾತಾದರೂ ಇರುತ್ತಿತ್ತು. ಒಂದು ಸೋಮವಾರ ಬನ್ನಿ. ಇಬ್ಬರೂ ಪ್ಯಾಸೆಂಜರ್ ಆಗಿ ಹೋಗೋಣ.

ನಿಮ್ಮ
ಮೆಹಬೂಬಸಾಬ

*

ಕಿತ್ತೂರು
2 ಡಿಸೆಂಬರ್ 2024

ಮೆಹಬೂಬ ಉಸ್ತಾದರಿಗೆ ಶರಣು.

ನಿಮ್ಮ ಪತ್ರ ಹದಿನೈದು ದಿನ ನನ್ನ ಮೇಜಿನ ಮೇಲಿತ್ತು. ಕಣ್ಣಿನ ಸುದ್ದಿ ಓದಿ ಸಂಕಟವಾಯಿತು. ಆದರೆ ಸುಳ್ಳೇಕೆ ಹೇಳಲಿ, ಸಂಕಟಕ್ಕಿಂತ ಸಿಟ್ಟು ಹೆಚ್ಚು ಬಂತು. ಶುಕ್ರ್ ಎಂದು ಬರೆದಿದ್ದೀರಿ. ಯಾರಿಗೆ, ಯಾತಕ್ಕೆ?

ನಿಮ್ಮ ಪತ್ರ ಬಂದ ವಾರವೇ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪೂರ್ತಿ ಪುಟದ ಲೇಖನ ಬಂದಿತ್ತು. ಪ್ರವಾಸ ಮನುಷ್ಯನಲ್ಲಿ ಕೃತಜ್ಞತೆ ಹುಟ್ಟಿಸುತ್ತದಂತೆ, ಇದ್ದ ಗಳಿಗೆಯಲ್ಲಿ ಇರುವುದನ್ನು ಕಲಿಸುತ್ತದಂತೆ. ಜೊತೆಗೆ ಹಿಮದ ಗುಡ್ಡದ ಮೇಲೆ ಕೈ ಚಾಚಿ ನಿಂತವನ ಫೋಟೋ. ನಿಮ್ಮ ತಾಲೂಕಿನಿಂದ ಗಾರೆ ಕೆಲಸಕ್ಕೆಂದು ಗೋವಾದ ಬಸ್ಸಿಗೆ ಪಾತ್ರೆಪಗಡದ ಸಮೇತ ಹತ್ತುವವರೂ ಪ್ರವಾಸಿಗರೇ ಅಲ್ಲವೆ? ಕಬ್ಬು ಕಡಿಯಲು ಬೀಡ ಜಿಲ್ಲೆಯಿಂದ ಬರುವ ಗ್ಯಾಂಗಿನವರು ಟ್ರ್ಯಾಕ್ಟರಿನಲ್ಲಿ ಕುಳಿತು ಯಾವ ಗಳಿಗೆಯಲ್ಲಿ ಇರಬೇಕು? ನವಿಲುತೀರ್ಥದ ಕಟ್ಟೆ ಕಟ್ಟಿದಾಗ ನನ್ನ ಮುತ್ಯಾನ ಊರು ಮುಳುಗಿತು. ಸಾಯುವ ತನಕ ಆತ ವರ್ಷಕ್ಕೊಮ್ಮೆ ನಡೆದುಹೋಗಿ ದಂಡೆಯ ಮೇಲೆ ನಿಲ್ಲುತ್ತಿದ್ದ. ಆತನಿಗೆ ಕಾಣುತ್ತಿದ್ದದ್ದು ನೀರಲ್ಲ, ನೀರಿನ ಕೆಳಗಿನ ಹೊಸ್ತಿಲು. ಆ ಪ್ರವಾಸದಿಂದ ಆತ ಯಾರ ಉಪಕಾರ ನೆನೆಯಬೇಕಿತ್ತು?

ನಾನು ಈಚೆಗೆ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. ಹೊಸ ಸ್ಟ್ಯಾಂಡುಗಳಲ್ಲಿ ಅಂಗಡಿ ಹನ್ನೆರಡು, ಕೂಡುವ ಕಲ್ಲು ಎರಡು. ಉದ್ಘಾಟಿಸಿದವರ ಹೆಸರಿನ ಕಲ್ಲು ಮಾತ್ರ ಗೋಡೆಯಷ್ಟು. ನಾನು ಸಾರಿಗೆ ಕಚೇರಿಗೆ ಅರ್ಜಿ ಬರೆಯುತ್ತಲೇ ಇದ್ದೇನೆ. ಮೊನ್ನೆ ಬರೆದದ್ದು ನಲವತ್ತೊಂದನೆಯದು.

ಕಣ್ಣಿಗೆ ಇನ್ನೊಬ್ಬ ಡಾಕ್ಟರರನ್ನು ಕೇಳಿ. ಸೋಮವಾರ ಬರುವ ವಿಚಾರ ಸದ್ಯಕ್ಕೆ ಆಗದು, ಮೊಳಕಾಲು ನೋವು.

ನಿಮ್ಮ
ಗಂಗಯ್ಯ

*

ರಾಮದುರ್ಗ
20 ಜನವರಿ 2025

ಅಯ್ಯನವರಿಗೆ ಸಲಾಮು.

ನಿಮ್ಮ ಪತ್ರ ಓದಿ ಖುಷಿಯಾಯಿತು. ಬಸ್ಸಿನ ಹಿಂದಿನ ಸೀಟಿನಿಂದ ನಿಮ್ಮ ಭಾಷಣ ಕೇಳಿದಂತೆಯೇ ಆಯಿತು. ನೀವು ಹೇಳಿದ್ದೆಲ್ಲ ಖರೆ. ನಿಮಗೆ ಉತ್ತರ ಕೊಡುವಷ್ಟು ನಾನು ಓದಿದವನಲ್ಲ. ಬೇಗ ಮುಗಿಯುವ ಕಣ್ಣು ನನ್ನದು, ಆದ್ದರಿಂದ ನೋಡುತ್ತೇನೆ, ಅಷ್ಟೇ.

ಹೋದ ಸೋಮವಾರ ಮನೋಳಿ ತನಕ ಹೋಗಿಬಂದೆ. ಕುಸುಬಿ ಹೂಬಿಟ್ಟಿದೆ. ಆ ಬಣ್ಣವನ್ನು ಒಂದೇ ಕಣ್ಣಿನಿಂದ ನೋಡಿದರೂ ಸಾಲುತ್ತದೆ. ನವಿಲುತೀರ್ಥದ ನೀರಿನ ಮೇಲೆ ಬಿಸಿಲು ಬಿದ್ದಿತ್ತು. ನಿಮ್ಮ ಮುತ್ಯಾ ನೆನಪಾದರು, ಅವರ ಹೆಸರಿನಲ್ಲಿಯೂ ಒಂದು ಗಳಿಗೆ ನಿಂತು ಬಂದೆ.

ನಾವು ವಸ್ತಿ ಬಸ್ ಒಯ್ಯುತ್ತಿದ್ದೆವಲ್ಲ, ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಗಿನ ಮೊದಲ ಗಾಡಿ ಬಿಡುವ ಡ್ಯೂಟಿ, ಆಗಿನ ರೊಟ್ಟಿಯ ರುಚಿ ಇನ್ನೂ ನಾಲಗೆಯ ಮೇಲಿದೆ. ಒಬ್ಬೊಬ್ಬರ ಮನೆಯಿಂದ ಒಂದೊಂದು ದಿನ ಬರುತ್ತಿತ್ತು. ನಿಮಗೆ ಬೇರೆ ಗಂಟು, ನನಗೆ ಬೇರೆ ಗಂಟು. ಊರವರು ಆಚೆ ಹೋದ ಮೇಲೆ ನೀವು ಎರಡನ್ನೂ ಬಿಚ್ಚಿ ಒಂದೇ ಕಾಗದದ ಮೇಲೆ ಹರವುತ್ತಿದ್ದಿರಿ. ಆ ಕಾಗದದಲ್ಲಿದ್ದ ಸುದ್ದಿಯನ್ನೂ ಓದಿ ಹೇಳುತ್ತಿದ್ದಿರಿ. ನನ್ನ ಮೆಹೆರಾಜಳಿಗೆಂದು ಕತೆ ಪುಸ್ತಕ ಕೊಡುತ್ತಿದ್ದಿರಿ. ಅವೆಲ್ಲ ಇನ್ನೂ ಮನೆಯಲ್ಲಿವೆ.

ಈಗ ಒಂದು ಮಾತು ಕೇಳಬೇಕು. ಕಣ್ಣು ಹೋದ ಮೇಲೆ ಕೇಳಿದರೆ, ಬರೆದುಕೊಡುವವರ ಮುಂದೆ ಕೇಳಿದಂತಾಗುತ್ತದೆ. ಆದ್ದರಿಂದ ಈಗಲೇ ನನ್ನ ಕೈಯಿಂದ ಬರೆಯುತ್ತಿದ್ದೇನೆ.

ಹೂಲಿ ಕ್ರಾಸಿನಲ್ಲಿ ಪ್ರತಿ ಸಲ ಇಳಿದು ಚಹಾ ಕುಡಿದು ಮುಂದಿನ ಗಾಡಿ ಹಿಡಿಯುತ್ತೇನೆ. ನಮ್ಮ ಬಸ್ಸಿನಿಂದ ಇಳಿಯುವಾಗ ಯಲ್ಲವ್ವ ಬಿದ್ದ ಜಾಗದಲ್ಲಿ ಈಗ ಡಾಂಬರು ಅಗಲವಾಗಿದೆ. ಅವತ್ತು ಹಿಂದಿನ ಬಾಗಿಲಿನಲ್ಲಿ ಜನ ಗುಂಪಾಗಿದ್ದರು, ಕನ್ನಡಿಯಲ್ಲಿ ಆ ಮುದುಕಿ ನನಗೆ ಕಾಣಲಿಲ್ಲ. ನಾನು ಬೆಲ್ ಕೇಳಿದೆ. ಒಂದು ಸಲ ಹಗ್ಗ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ಹೊರಡು. ನಾನು ಎರಡು ಕೇಳಿದ್ದೆ. ವಿಚಾರಣೆಯಲ್ಲಿ ನೀವು ಒಂದೇ ಕೊಟ್ಟೆ ಎಂದಿರಿ. ನನ್ನ ನೌಕರಿ ಹೋದದ್ದಕ್ಕೆ ನನಗೆ ಈಗ ದುಃಖವಿಲ್ಲ, ಖರೇನೇ ಇಲ್ಲ. ಆದರೆ ಅವತ್ತಿನಿಂದ ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಹೋಯಿತು. ಗಂಗಯ್ಯನವರು ಸುಳ್ಳು ಹೇಳುವವರಲ್ಲ, ಲಂಚದ ಚಹಾ ಸಹ ಕುಡಿಯದವರು. ಅಂದ ಮೇಲೆ ನನ್ನ ಕಿವಿಯೇ ಸುಳ್ಳು ಹೇಳಿರಬೇಕು. ಹಾಗಾದರೆ ಆ ಮುದುಕಿಯನ್ನು ಕೊಂದವನು ನಾನು.

ನೀವು ಒಂದು ಸಲ ನೆನಪು ಮಾಡಿಕೊಂಡು ಹೇಳಿ. ಎಷ್ಟು ಬೆಲ್?

ಮೆಹಬೂಬಸಾಬ

*

ಕಿತ್ತೂರು
17 ಫೆಬ್ರವರಿ 2025

ಉಸ್ತಾದರಿಗೆ ಶರಣು.

ನೆನಪಿನ ವಿಚಾರ ಕೇಳಿದಿರಿ. ನನಗೆ ಎಲ್ಲವೂ ನೆನಪಿದೆ. 2004ರ ಅಕ್ಟೋಬರ್ 14, ಗುರುವಾರ. ಸವದತ್ತಿ ಬಿಟ್ಟಾಗ ಎಂಟು ನಿಮಿಷ ತಡವಾಗಿತ್ತು. ಗಾಡಿಯ ಎಡಗಡೆಯ ಮೂರನೆಯ ಕಿಡಕಿಗೆ ಗಾಜಿರಲಿಲ್ಲ. ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದರೂ ಹಾಕಿರಲಿಲ್ಲ. ಹೂಲಿ ಕ್ರಾಸಿಗೆ ನೆರಳಿನ ಒಂದು ತಂಗುದಾಣ ಬೇಕೆಂದು ಅದಕ್ಕೂ ನಾಲ್ಕು ವರ್ಷ ಮೊದಲೇ ಅರ್ಜಿ ಹೋಗಿತ್ತು. ತಂಗುದಾಣವಿದ್ದಿದ್ದರೆ ಜನ ಬಾಗಿಲಿಗೆ ಹಾಗೆ ಮುಗಿಬೀಳುತ್ತಿರಲಿಲ್ಲ. ಆ ಗಾಡಿಯ ಹಿಂದಿನ ಮೆಟ್ಟಿಲು ಮುದುಕರು ಇಳಿಯುವ ಎತ್ತರದ್ದಲ್ಲ. ಅದನ್ನು ಹಾಗೆ ಮಾಡಿಸಿದವರನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ. ಯಲ್ಲವ್ವ ಮೆಂತ್ಯದ ಸೊಪ್ಪು ಮಾರಿ ಬರಿ ಬುಟ್ಟಿ ತಂದಿದ್ದಳು. ಹಸಿರು ಇಳಕಲ್ಲ ಸೀರೆ. ನಿಮ್ಮ ಕಾಲಲ್ಲಿ ಬಾರು ಹರಿದ ಚಪ್ಪಲಿ ಇತ್ತು. ದಾರದಿಂದ ಕಟ್ಟಿದ್ದಿರಿ.

ಸಾಯಿಸಿದ್ದು ನೀವಲ್ಲ ಉಸ್ತಾದ. ಈ ವ್ಯವಸ್ಥೆ. ನಾನು ಅದನ್ನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ.

ಚಳಿ ಇನ್ನೂ ಇದೆ. ಕಾಲಿಗೆ ಸಾಕ್ಸ್ ಹಾಕಿಕೊಳ್ಳಿ, ಸಕ್ಕರೆಯವರಿಗೆ ಕಾಲೇ ಮುಖ್ಯ.

ನಿಮ್ಮ
ಗಂಗಯ್ಯ

*

ರಾಮದುರ್ಗ
7 ಏಪ್ರಿಲ್ 2025

ಅಯ್ಯನವರಿಗೆ ಸಲಾಮು.

ಇದು ಮೆಹೆರಾಜಳ ಕೈಬರಹ. ಮಾತು ನನ್ನದು. ಡಾಕ್ಟರರು ಹೇಳಿದ್ದು ಹೆಚ್ಚುಕಡಿಮೆ ಸರಿಯಾಯಿತು. ಯುಗಾದಿಗೆ ವಾರ ಮೊದಲೇ ಬಲಗಣ್ಣೂ ಹೋಯಿತು. ಈಗ ಬೆಳಕಿನ ಕಡೆ ಮುಖ ಮಾಡಿದರೆ ಬಿಸಿ ತಿಳಿಯುತ್ತದೆ, ಅಷ್ಟೇ.

ಆದರೂ ಸೋಮವಾರ ತಪ್ಪಿಸುವುದಿಲ್ಲ. ಮಗಳು ಹತ್ತಿಸಿ ಬರುತ್ತಾಳೆ. ಕಂಡಕ್ಟರಿಗೆ ಹೇಳಿದರೆ ಇಳಿಸಿ ತಿರುಗಿ ಹತ್ತಿಸುತ್ತಾರೆ. ಗಾಳಿಯಲ್ಲಿ ಎಲ್ಲಿ ಕಬ್ಬು, ಎಲ್ಲಿ ಕರಿಮಣ್ಣಿನ ಎರಿಹೊಲ ಎಂದು ಗೊತ್ತಾಗುತ್ತದೆ. ಮೆಟ್ಟಿಲು ಬಾವಿ ಮಾತ್ರ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ, "ಬಾವಿ ಬಂದಾಗ ಹೇಳ್ರಿ" ಅನ್ನುತ್ತೇನೆ. ಅವರು ಮೊಬೈಲು ನೋಡುತ್ತಿರುತ್ತಾರೆ. ಬಾವಿ ದಾಟಿಹೋಗುತ್ತದೆ.

ನೀವು ಬಾರು ಹರಿದ ಚಪ್ಪಲಿಯ ತನಕ ಬರೆದಿರಿ. ಕೇಳಿದ ಒಂದನ್ನು ಬರೆಯಲಿಲ್ಲ. ಮೆಹೆರಾಜ ಎರಡು ಸಲ ಓದಿದಳು. ನಿಮಗೆ ಅದೊಂದು ನೆನಪಿಲ್ಲ ಎಂದುಕೊಂಡೆ. ಇರಲಿ, ಆ ಪ್ರಶ್ನೆ ಬಿಟ್ಟುಬಿಡಿ. ನನ್ನ ಕಿವಿಯದೇ ತಪ್ಪು ಎಂದು ಒಪ್ಪಿಕೊಂಡಿದ್ದೇನೆ. ಒಪ್ಪಿಕೊಂಡ ಮೇಲೆ ಮನಸ್ಸು ಹಗುರಾಗಿದೆ. ಈಗ ಹೂಲಿ ಕ್ರಾಸಿನಲ್ಲಿ ಇಳಿದು, "ಯಲ್ಲವ್ವಾ, ತಪ್ಪಾತು" ಎಂದು ಹೇಳಿ ಬರುತ್ತೇನೆ.

ನೀವು ಬಂದರೆ ಚಲೋ ಆಗುತ್ತಿತ್ತು. ಬಾವಿ ಬಂದಾಗ ಹೇಳುವವರು ಒಬ್ಬರು ಬೇಕಾಗಿದ್ದಾರೆ.

ಮೆಹಬೂಬಸಾಬ (ಹೆಬ್ಬೆರಳು ಒತ್ತಿದ್ದೇನೆ, ಸಹಿ ಸಾಲು ತಪ್ಪುತ್ತದೆ)

*

ಕಿತ್ತೂರು
26 ಮೇ 2025

ಉಸ್ತಾದರಿಗೆ,

ಹೋದ ಸೋಮವಾರ ನಿಮಗೆ ಹೇಳದೆ ನಾನು ಆ ದಾರಿಯಲ್ಲಿ ಹೋಗಿಬಂದೆ. ಕಿತ್ತೂರಿನಿಂದ ಬೈಲಹೊಂಗಲ, ಅಲ್ಲಿಂದ ಸವದತ್ತಿ, ಅಲ್ಲಿಂದ ಹೂಲಿ ಕ್ರಾಸು. ಕಿಡಕಿಯ ಪಕ್ಕ ಕುಳಿತೆ. ನಿಮ್ಮಂತೆ ನೋಡಬೇಕೆಂದು ನೋಡಿದೆ. ನನಗೆ ಕಂಡದ್ದು ಮುರಿದ ಕಾಲುವೆ, ಬಾಗಿಲು ಹಾಕಿದ ವಾಚನಾಲಯ, ಗುಡ್ಡದ ಮೇಲೆ ಯಾರಿಗೋ ಕರೆಂಟು ಮಾಡಿಕೊಡುವ ಗಾಳಿಯ ಪಂಖಗಳು. ತಪ್ಪುಗಳನ್ನು ನೋಡಿ ನೋಡಿ ನನ್ನ ಕಣ್ಣಿಗೆ ಬೇರೆ ಏನೂ ಹಿಡಿಯದಂತಾಗಿದೆ.

ಹೂಲಿ ಕ್ರಾಸಿನಲ್ಲಿ ಇಳಿದೆ. ಚಹಾದ ಅಂಗಡಿಯವನನ್ನು ಯಲ್ಲವ್ವನ ಮನೆಯವರು ಎಲ್ಲಿದ್ದಾರೆ ಎಂದು ಕೇಳಿದೆ. "ಯಾವ ಯಲ್ಲವ್ವರಿ? ಈ ಊರಾಗ ಮನಿಗೊಬ್ಬಾಕಿ ಯಲ್ಲವ್ವ ಅದಾಳ" ಎಂದ. ಬಸ್ಸಿನ ಗಾಲಿಗೆ ಸಿಕ್ಕವಳು ಎಂದೆ. ಬಹಳ ಹೊತ್ತು ವಿಚಾರ ಮಾಡಿ, "ಆಕಿ ಮಗಾ ಗೋವಾಕ್ಕ ಹೋದಾಂವ ತಿರುಗಿ ಬಂದಿಲ್ಲರಿ. ಮನಿ ಬಿದ್ದೇತಿ" ಎಂದ.

ಉಸ್ತಾದ, ಎರಡು ಬೆಲ್.

ನಾನೇ ಜಗ್ಗಿದೆ, ಎರಡು ಸಲ. ಬಾಗಿಲ ಕಡೆ ನೋಡದೆ ಜಗ್ಗಿದೆ. ನಾನು ಓದುತ್ತಿದ್ದೆ. ಹಿಂದಿನ ಸೀಟಿನ ಕಂಬಿಗೆ ಒರಗಿಕೊಂಡು ಪತ್ರಿಕೆ ಮಡಚಿ ಹಿಡಿದಿದ್ದೆ. ಏನು ಓದುತ್ತಿದ್ದೆ ಎಂದು ಇಪ್ಪತ್ತು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ಯಾವುದೋ ಅನ್ಯಾಯದ ವಿಚಾರವೇ ಇರಬೇಕು, ನಾನು ಬೇರೆ ಏನು ಓದುತ್ತಿದ್ದೆ? ಅದರ ಕೆಳಗಿದ್ದ ಸಾಬೂನಿನ ಜಾಹೀರಾತು ನೆನಪಿದೆ. ಓದುತ್ತಲೇ ಕೈ ಮೇಲೆತ್ತಿ ಹಗ್ಗ ಜಗ್ಗಿದೆ. ಆಮೇಲೆ ಕೂಗು ಕೇಳಿತು. ನಾನು ಮೊದಲು ಮಾಡಿದ ಕೆಲಸ, ಪತ್ರಿಕೆಯನ್ನು ಅಂಗಿಯೊಳಗೆ ತುರುಕಿಕೊಂಡದ್ದು.

ಡ್ಯೂಟಿಯ ಮೇಲೆ ಓದುತ್ತಾನೆ ಎಂದು ನನಗೆ ಎರಡು ಸಲ ಮೆಮೊ ಬಂದದ್ದು ನಿಮಗೆ ಗೊತ್ತು. ಓದುವ ಕಂಡಕ್ಟರನಿಗೆ ಪ್ರಯಾಣಿಕ ಮನುಷ್ಯನಾಗಿ ಕಾಣುತ್ತಾನೆ ಎಂದು ನಾಲ್ಕು ಪುಟದ ಉತ್ತರ ಬರೆದಿದ್ದೆ. ವಸ್ತಿಯಲ್ಲಿ ಅದನ್ನು ನಿಮಗೆ ಓದಿ ಹೇಳಿದಾಗ ನೀವು ಚಪ್ಪಾಳೆ ತಟ್ಟಿದ್ದಿರಿ. ವಿಚಾರಣೆಯ ಕೋಣೆಯಲ್ಲಿ ಎರಡು ಬೆಲ್ ಎಂದು ಹೇಳಿದ್ದರೆ, ಬಾಗಿಲು ನೋಡಿದೆಯಾ ಎಂದು ಕೇಳುತ್ತಿದ್ದರು. ಏಕೆ ನೋಡಲಿಲ್ಲ ಎಂದು ಕೇಳುತ್ತಿದ್ದರು. ಓದುತ್ತಿದ್ದೆ ಎನ್ನಬೇಕಾಗುತ್ತಿತ್ತು. ಅವರ ಮುಂದೆ ಅದನ್ನು ಹೇಳಲು ನನಗೆ ಆಗಲಿಲ್ಲ. ನೌಕರಿಯ ಹೆದರಿಕೆಯಿಂದಲ್ಲ. ಅವರು ಗೆದ್ದರು ಎಂದಾಗುತ್ತದಲ್ಲ ಎಂದು. ಇಷ್ಟು ಸಣ್ಣ ಕಾರಣಕ್ಕೆ ನಿಮ್ಮನ್ನು ಬಿಟ್ಟುಕೊಟ್ಟೆ.

ನೀವು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೇನೋ. ನೀವು ನನ್ನನ್ನು ನಂಬಿದಿರಿ.

ಇದನ್ನೆಲ್ಲ ಬರೆದು ಕಚೇರಿಗೂ ಕೊಟ್ಟೆ, ನಲವತ್ತೆರಡನೆಯ ಅರ್ಜಿ. ಕೂಡಿಸಿ ಮಾತಾಡಿಸಿದರು, ಚಹಾ ತರಿಸಿದರು. ಅಷ್ಟು ಹಳೆಯ ಕಡತ ಉಳಿದಿಲ್ಲವಂತೆ. ತಿದ್ದಲು ಏನೂ ಇಲ್ಲವಂತೆ.

ನಿಮ್ಮ ಕಿವಿ ಸರಿಯಾಗಿಯೇ ಕೇಳಿತ್ತು. ಯಲ್ಲವ್ವನಿಗೆ ನೀವು ತಪ್ಪಾತು ಎನ್ನಬೇಡಿ. ಅದು ನಾನು ಹೇಳಬೇಕಾದ ಮಾತು. ಹೋದ ಸೋಮವಾರ ಅಲ್ಲಿ ನಿಂತರೂ ನನ್ನ ಬಾಯಿಂದ ಅದು ಹೊರಡಲಿಲ್ಲ.

ಗಂಗಯ್ಯ

*

ರಾಮದುರ್ಗ
16 ಜೂನ್ 2025

ಗಂಗಯ್ಯ ಕಾಕಾ ಅವರಿಗೆ,

ಈ ಸಲ ಅಕ್ಷರವೂ ನನ್ನದು, ಮಾತೂ ನನ್ನದು.

ನಿಮ್ಮ ಪತ್ರ ಬಂದಾಗ ಅಬ್ಬಾ ಬಾಗಿಲಲ್ಲಿ ಕುಳಿತಿದ್ದರು. "ಓದವಾ ಮೆಹೆರಾಜ, ಅಯ್ಯಾರು ಏನ್ ಬರದಾರ?" ಎಂದರು. ಗಾಳಿಯ ಪಂಖದ ತನಕ ಗಟ್ಟಿಯಾಗಿ ಓದಿದೆ. ಅಷ್ಟರಲ್ಲಿ ಕಣ್ಣು ಕೆಳಗೆ ಎರಡು ಬೆಲ್ ಎಂದಿದ್ದ ಸಾಲಿಗೆ ಹೋಗಿತ್ತು. ನಿಲ್ಲಿಸಿದೆ.

"ಯಾಕ ನಿಂತಿ?"

"ಅಕ್ಷರಾ ಸಣ್ಣವು ಅದಾವ ಅಬ್ಬಾ."

ಉಳಿದದ್ದನ್ನು ನಾನೇ ಹುಟ್ಟಿಸಿ ಹೇಳಿದೆ. ಹೂಲಿ ಕ್ರಾಸಿನ ಬೇವಿನ ಗಿಡ ದೊಡ್ಡದಾಗಿದೆ ಎಂದು ಬರೆದಿದ್ದಾರೆ ಎಂದೆ. ಚಹಾ ಚಲೋ ಇತ್ತಂತೆ ಎಂದೆ. ಅಬ್ಬಾ ನಕ್ಕರು. "ಅಯ್ಯಾರು ನೋಡಾಕ ಕಲತ್ರು ನೋಡು" ಎಂದರು.

ಅಬ್ಬಾನ ನೌಕರಿ ಹೋದಾಗ ನಾನು ಟೀಚರ್ ಟ್ರೇನಿಂಗಿನ ಮೊದಲ ವರ್ಷದಲ್ಲಿದ್ದೆ. ಬಿಟ್ಟೆ. ಈಗ ಜಂಪರು ಹೊಲಿಯುತ್ತೇನೆ. ಇದನ್ನು ನಿಮಗೆ ಅಳು ಬರಲಿ ಎಂದು ಬರೆಯುತ್ತಿಲ್ಲ, ನಿಮ್ಮ ನೆನಪಿನಲ್ಲಿ ಎಲ್ಲವೂ ಇರುತ್ತದಂತೆ, ಇದೂ ಇರಲಿ. ನೀವು ಕಳಿಸುತ್ತಿದ್ದ ಪುಸ್ತಕಗಳಿಂದಲೇ ನನಗೆ ಓದುವ ರೂಢಿ ಬಂತು. ನಿಮ್ಮ ಪತ್ರ ಓದಿದ್ದೂ ಅದೇ ಓದಿನಿಂದ.

ಅಬ್ಬಾನಿಗೆ ನಾನು ಅದನ್ನು ಓದುವುದಿಲ್ಲ. ತನ್ನ ಕಿವಿಯದು ತಪ್ಪು ಎಂದು ಒಪ್ಪಿಕೊಂಡು ಅವರು ಹೇಗೋ ನಡೆದುಕೊಂಡು ಹೋಗುತ್ತಿದ್ದಾರೆ. ಅದನ್ನು ತೆಗೆದರೆ ಆ ಜಾಗದಲ್ಲಿ ನಿಮ್ಮ ಇಪ್ಪತ್ತು ವರ್ಷದ ಸುಳ್ಳನ್ನು ಇಟ್ಟುಕೊಳ್ಳಬೇಕು. ಎಪ್ಪತ್ತೊಂದು ವರ್ಷ ವಯಸ್ಸಿನ ಕುರುಡರು ಅದನ್ನು ಎತ್ತುವುದು ಆಗದ ಮಾತು. ನೀವು ಹೇಳಿ ಹಗುರಾದಿರಿ. ಆ ಭಾರ ಈಗ ನನ್ನ ಟ್ರಂಕಿನಲ್ಲಿದೆ.

ಅವರಿಗೆ ಬಾವಿ ಬಂದಾಗ ಹೇಳುವವರು ಬೇಕು. ನನಗೆ ಪ್ರತಿ ಸೋಮವಾರ ಮಷಿನ್ ಬಿಟ್ಟು ಹೋಗಲು ಆಗುವುದಿಲ್ಲ. ಬೇರೆ ಯಾರೂ ಸಿಗಲಿಲ್ಲ, ಆದ್ದರಿಂದ ನಿಮ್ಮನ್ನು ಕರೆಯುತ್ತಿದ್ದೇನೆ. ಬನ್ನಿ. ಪಕ್ಕದಲ್ಲಿ ಕುಳಿತು ಹೊರಗಿನದನ್ನು ಹೇಳಿ. ಆ ಒಂದು ಮಾತು ಮಾತ್ರ ಎತ್ತಬೇಡಿ. ಎತ್ತಿದರೆ ನನಗೆ ಗೊತ್ತಾಗುತ್ತದೆ.

ಇದನ್ನು ಮಾಫಿ ಎಂದು ತಿಳಿಯಬೇಡಿ.

ಮೆಹೆರಾಜ

*

ಕಿತ್ತೂರು
20 ಆಗಸ್ಟ್ 2025

ಮೆಹೆರಾಜಳಿಗೆ,

ಮೊನ್ನೆ ಸೋಮವಾರ ನೀನು ನಮ್ಮಿಬ್ಬರನ್ನೂ ರಾಮದುರ್ಗದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಹತ್ತಿಸಿ, ನನ್ನ ಕಡೆ ನೋಡದೆ ಹೊರಟುಹೋದೆ. ಆಮೇಲೆ ನಡೆದದ್ದನ್ನು ನಿನಗೆ ತಿಳಿಸಬೇಕು. ಆ ಮಾತನ್ನು ನಾನು ಎತ್ತಲಿಲ್ಲ.

ನಿನ್ನ ಅಬ್ಬಾನಿಗೆ ಕಿಡಕಿಯ ಸೀಟು ಕೊಟ್ಟು ನಾನು ಪಕ್ಕದಲ್ಲಿ ಕುಳಿತೆ. ಇಪ್ಪತ್ತು ವರ್ಷದ ಮೇಲೆ ಕಂಡರೂ ಅವರು ಮೊದಲು ಕೇಳಿದ್ದು ನನ್ನ ಮೊಳಕಾಲು ಹೇಗಿದೆ ಎಂದು. ಮೊಳಕಾಲಿನ ಸುಳ್ಳನ್ನು ನಾನೇ ಮರೆತಿದ್ದೆ.

ಊರು ದಾಟಿದ ಮೇಲೆ, "ಹೂಂ, ಹೇಳ್ರಿ ಅಯ್ಯಾರ" ಎಂದರು. ನಾನು ಶುರು ಮಾಡಿದೆ. ಹೆಸರಿನ ಬೆಳೆ ಮಳೆಗೆ ಸಿಕ್ಕು ಕಪ್ಪಾಗಿದೆ, ಖರೀದಿ ಕೇಂದ್ರ ಯಾವಾಗಲೂ ತಡವಾಗಿಯೇ ತೆರೆಯುತ್ತಾರೆ, 2009ರಲ್ಲಿಯೂ ಹೀಗೇ ಆಗಿತ್ತು ಎಂದೆ. ಅವರು ಕೈ ಎತ್ತಿದರು.

"ಅದು ಪೇಪರಿನ್ಯಾಗಿಂದಾತ್ರಿ. ಕಿಡಕ್ಯಾಗಿಂದು ಹೇಳ್ರಿ."

ಅರವತ್ತಾರು ವರ್ಷದವನಿಗೆ ಕಿಡಕಿಯಲ್ಲಿ ಇದ್ದದ್ದನ್ನು ಹೇಳಲು ಬರಲಿಲ್ಲ. ಒಬ್ಬಾಕೆ ಸೆರಗಿನಲ್ಲಿ ಹೆಸರುಕಾಯಿ ಬಿಡಿಸಿಕೊಳ್ಳುತ್ತಿದ್ದಾಳೆ ಎಂದೆ. "ಸೀರಿ ಯಾವ ಬಣ್ಣಾ?" ಎಂದರು. ನಾನು ನೋಡಿರಲಿಲ್ಲ. ಆಕೆ ಹಿಂದಾದಳು. ಮುಂದಿನ ಹೊಲದಲ್ಲಿ ನೋಡಿ ಹೇಳಿದೆ. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ ನೋಡಿದೆ. ಬಾವಿ ಬಂತು. ನೀರು ಮೂರನೆಯ ಮೆಟ್ಟಿಲಿಗೆ ಬಂದಿದೆ, ಅತ್ತಿಯ ಹಣ್ಣು ನೀರಿನ ಮೇಲೆ ಬಿದ್ದಿದೆ, ಒಂದು ಹಕ್ಕಿ ಅದನ್ನು ಕುಕ್ಕುತ್ತಿದೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಆ ಕಣ್ಣನ್ನು ಏಕೆ ಮುಚ್ಚಬೇಕು? ಆದರೂ ಮುಚ್ಚಿಕೊಂಡು, "ಶುಕ್ರ್" ಎಂದರು. ನನ್ನ ಕೈಯನ್ನು ಒಂದು ಸಲ ಒತ್ತಿದರು. ಆ ಒತ್ತನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ತೆಗೆದುಕೊಳ್ಳುವ ಹಕ್ಕು ನನಗಿಲ್ಲ, ಹಿಂದಕ್ಕೆ ಕೊಡಲೂ ನೀನು ಬಿಟ್ಟಿಲ್ಲ.

ಹೂಲಿ ಕ್ರಾಸು ಬಂತು. ಈಗಿನ ಬಸ್ಸಿನಲ್ಲಿ ಹಗ್ಗವಿಲ್ಲ. ಕಂಡಕ್ಟರು ಮುಂದೆ ನಿಂತು ಮಷಿನ್ನಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಹಿಂದಿನ ಬಾಗಿಲಲ್ಲಿ ಜನ ಇಳಿಯುವ ಸಪ್ಪಳ. ನಿನ್ನ ಅಬ್ಬಾ ಈ ಸಲ ಅಲ್ಲಿ ಇಳಿಯುವ ಮಾತೆತ್ತಲಿಲ್ಲ. ಮುಖ ಮುಂದಕ್ಕೇ ಇಟ್ಟುಕೊಂಡು ಕೇಳಿದರು.

"ಎಲ್ಲಾರೂ ಇಳದ್ರೇನ್ರಿ ಅಯ್ಯಾರ?"

"ಇಳದ್ರು ಉಸ್ತಾದ" ಎಂದೆ.

ಅವರು ಸಾವಕಾಶ ಹೇಳಿದರು.

"ನೋಡಿ ಹೇಳ್ರಿ."

ನಾನು ಎದ್ದು ನಿಂತು ತಿರುಗಿ ನೋಡಿದೆ. ಒಬ್ಬ ಮುದುಕಿ ಇನ್ನೂ ಕೆಳಗಿನ ಮೆಟ್ಟಿಲ ಮೇಲಿದ್ದಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ. ಕಾಲು ಕೆಳಗೆ ಬಿಟ್ಟು ನೆಲ ಹುಡುಕುತ್ತಿದ್ದಳು. ನಾನು "ಹೋಲ್ಡಾನ್" ಎಂದು ಕೂಗಿದೆ. ಹಳೆಯ ದನಿಯಲ್ಲಿ ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರು, "ನಿಂತೇತಲ್ರಿ ಅಜ್ಜಾ, ಯಾಕ ಚೀರ್ತೀರಿ?" ಎಂದ. ಆಕೆಯ ಒಂದು ಕಾಲು ನೆಲಕ್ಕೆ ಮುಟ್ಟಿತು. ಚೀಲ ಕೆಳಗಿಟ್ಟಳು. ಇನ್ನೊಂದು ಕಾಲು ಇಳಿಸಿದಳು. ಚೀಲ ಎತ್ತಿಕೊಂಡು ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಬಸ್ಸಿನಿಂದ ಆಚೆ ಹೋದಳು. ಕೆಂಪು ಅಂಚಿನ ನೀಲಿ ಸೀರೆ.

"ಈಗ ಇಳದ್ರು" ಎಂದೆ.

ನಿನ್ನ ಅಬ್ಬಾ ತಲೆಯಾಡಿಸಿದರು. ಅವರಿಗೆ ಗೊತ್ತಿದೆಯೋ ಇಲ್ಲವೋ, ನಾನು ಕೇಳಲಿಲ್ಲ. ನೀನೂ ಕೇಳಬೇಡ. ಕಂಡಕ್ಟರು ರೈಟ್ ಅನ್ನುವ ಮೊದಲೇ ಸೀಟಿನ ಕೆಳಗೆ ಅವರ ಬಲಗಾಲು ಇಲ್ಲದ ಬ್ರೇಕಿನಿಂದ ಮೇಲೆದ್ದಿತು.

ಗಂಗಯ್ಯ